ಮೂರು ವರ್ಷದ ಕಾರು

ಕಂಪನಿ ಕಾರು ಕೊಡುತ್ತೇವೆ, ಯಾವುದು ಬೇಕೋ ಆರಿಸಿಕೊಳ್ಳಿ ಎಂಬ ಫಾರ್ಮು ವತ್ಸಲಾಳ ಕೈಗೆ ಬಂದದ್ದು ೧೯೯೮ರ ಮಾರ್ಚಿನಲ್ಲಿ. ಅವಳಿಗೆ ಆಗ ಮೂವತ್ತೆಂಟು. ಕಿವಿ ಕೇಳದವರಿಗೆ ಯಂತ್ರ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಲಂಡನ್ನಿನ ಸುತ್ತ ವ್ಯಾಟ್‌ಫರ್ಡ್‌ನಿಂದ ಫೆಲ್ಥಮ್‌ವರೆಗಿನ ಕ್ಲಿನಿಕ್ಕುಗಳಿಗೆ ಹೋಗಿ ಯಂತ್ರ ತೋರಿಸುವುದು, ಕೆಟ್ಟದ್ದನ್ನು ವಾಪಸು ತರುವುದು ಅವಳ ಕೆಲಸ. ಅಲ್ಲಿಯವರೆಗೆ ಬಸ್ಸು, ಟ್ಯೂಬು ರೈಲು, ಒಂದೊಂದು ದಿನ ಗಂಡನ ಎರಡು ಬಾಗಿಲಿನ ಹಳೆಯ ಕಾರು.

ಗಂಡ ಮಹಾಲಿಂಗಪ್ಪ ಧಾರವಾಡದವನು, ಅರಿವಳಿಕೆ ಕೊಡುವ ಡಾಕ್ಟರು. ಮೈಸೂರಿನ ವತ್ಸಲಾ ಅವನನ್ನು ಮದುವೆಯಾಗಿ ಇಂಗ್ಲೆಂಡಿಗೆ ಬಂದ ಮೇಲೆ ಒಂಬತ್ತು ವರ್ಷಗಳಲ್ಲಿ ಆರು ಊರು ಕಂಡಿದ್ದಳು. ಆಸ್ಪತ್ರೆಯವರು ಆರು ತಿಂಗಳಿಗೋ ವರ್ಷಕ್ಕೋ ಕೆಲಸ ಕೊಡುವರು, ಮುಗಿದರೆ ಮುಂದಿನ ಊರು. ಸಂಡರ್‌ಲ್ಯಾಂಡಿನಲ್ಲಿ ಪರದೆ ಹೊಲಿಸಿದ ವಾರವೇ ಮನೆ ಬಿಟ್ಟಿದ್ದರು. ಲಂಡನ್ನಿನ ಎಜ್‌ವೇರಿಗೆ ಬಂದು ಎರಡು ವರ್ಷ. ಇಷ್ಟು ದಿನ ಒಂದೇ ಬಾಗಿಲಿನ ಬೀಗದ ಕೈ ಇಟ್ಟುಕೊಂಡದ್ದು ಇದೇ ಮೊದಲು.

ಫಾರ್ಮು ಬಂದಾಗಿನಿಂದ ವತ್ಸಲಾ ಒಂದು ಕಡೆ ನೆಟ್ಟಗೆ ಕೂರಲಿಲ್ಲ. ಪೆನ್ಸಿಲ್ಲಿನಲ್ಲಿ ಒಂದು ಕಾರಿನ ಹೆಸರು ಬರೆಯುವಳು, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಅಳಿಸುವಳು. ಬ್ಯಾಗಿನಲ್ಲಿ ಬಟ್ಟೆ ಅಳೆಯುವ ಟೇಪು ಇಟ್ಟುಕೊಂಡೇ ತಿರುಗಿದಳು. ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಯಾರಾದರೂ ಡಿಕ್ಕಿ ತೆರೆದರೆ ಹತ್ತಿರ ಹೋಗಿ, ಒಂದು ನಿಮಿಷ ಅಳೆದುಕೊಳ್ಳಲೇ ಎಂದು ಕೇಳಿದಳು. ಒಬ್ಬ ಅಜ್ಜ ಟೇಪಿನ ಇನ್ನೊಂದು ತುದಿ ಹಿಡಿದುಕೊಟ್ಟ.

ಅಳೆಯಲು ಕಾರಣವಿತ್ತು. ಕಿವಿ ಪರೀಕ್ಷೆಯ ಯಂತ್ರದ ಪೆಟ್ಟಿಗೆ ಮೂರೂವರೆ ಅಡಿ ಉದ್ದ, ಮಲಗಿಸಿಯೇ ಒಯ್ಯಬೇಕು. ಜೊತೆಯಲ್ಲೇ ಇದ್ದ ಅತ್ತೆ ಬಸಲಿಂಗವ್ವನಿಗೆ ಮಂಡಿ ಮಡಚುತ್ತಿರಲಿಲ್ಲ. ಗಂಡನ ಕಾರಿನ ಹಿಂದಿನ ಸೀಟಿಗೆ ಅವರನ್ನು ಹತ್ತಿಸಿ ಇಳಿಸುವಷ್ಟರಲ್ಲಿ ಹೋದ ಕೆಲಸವೇ ಮರೆಯುತ್ತಿತ್ತು. ಎಂಟು ವರ್ಷದ ಮಗಳು ಅಪೂರ್ವಾಗಂತೂ ಕಾರು ಹೊರಟ ಅರ್ಧ ಗಂಟೆಗೆ ಹೊಟ್ಟೆ ತೊಳಸುವುದು.

"ಯಾವುದರೆ ಒಂದು ತಗೊ. ನಾಲ್ಕು ಗಾಲಿ ಇದ್ದರ ಆತು" ಎಂದು ಮಹಾಲಿಂಗಪ್ಪ ಪೇಪರು ತಿರುವುತ್ತಿದ್ದ. ಅವನು ಹೀಗೆ ಮಾತು ತಪ್ಪಿಸುವವನಲ್ಲ. ಆಗ ಅವಳಿಗೆ ಅದು ಹೊಳೆಯಲಿಲ್ಲ.

ಸೋಮವಾರದೊಳಗೆ ಫಾರ್ಮು ಬೇಕೆಂದು ಕಂಪನಿಯ ಪೌಲೀನ್ ಎರಡು ಸಲ ಫೋನು ಮಾಡಿದಳು. ಶನಿವಾರ ಬೆಳಗ್ಗೆ ಮನೆಮಂದಿಯೆಲ್ಲ ಹತ್ತಿರದ ಶೋರೂಮಿಗೆ ಹೋದರು. ಸೇಲ್ಸ್‌ಮನ್ನು ಎಂಜಿನ್ನಿನ ವಿವರವನ್ನೆಲ್ಲ ಮಹಾಲಿಂಗಪ್ಪನಿಗೆ ಹೇಳತೊಡಗಿದ. ಬಸಲಿಂಗವ್ವ ಕೋಲು ಊರಿಕೊಂಡು ನಡುವೆ ಬಂದರು.

"ಅವಗ ಯಾಕ ಹೇಳ್ತೀಯೋ ತಮ್ಮಾ, ಗಾಡಿ ಹೊಡಿಯಾಕಿ ಈಕಿ!"

ಮಾತು ತಿಳಿಯದಿದ್ದರೂ ಕೋಲು ಯಾರ ಕಡೆ ತೋರಿಸುತ್ತಿದೆ ಎಂದು ಅವನಿಗೆ ತಿಳಿಯಿತು. ಅಲ್ಲಿಂದ ಅವನು ವತ್ಸಲಾಳ ಜೊತೆಗೇ ಮಾತಾಡಿದ.

ಕಂಪನಿಯ ಪಟ್ಟಿಯಲ್ಲಿದ್ದ ತಗ್ಗಿನ ಕಾರೊಂದರಲ್ಲಿ ಕೂತ ಬಸಲಿಂಗವ್ವ ಏಳಲಾರದೆ ಕೈ ಚಾಚಿದರು. "ಇದು ಗಾಡಿ ಅಲ್ಲವ್ವಾ, ಬಾವಿ." ಏಳು ಸೀಟಿನದರ ಮುಂದೆ ನಿಂತು, ಒಂದು ಕಾಲೆತ್ತಿ ನೋಡಿ, ಮತ್ತೆ ನೆಲಕ್ಕೆ ಇಟ್ಟರು. ಹಿಂಭಾಗ ಉದ್ದವಿರುವ ಫೋರ್ಡ್ ಮಾಂಡಿಯೋ ಎಸ್ಟೇಟಿನಲ್ಲಿ ಮಾತ್ರ ಯಾರ ಕೈಯೂ ಹಿಡಿಯದೆ ಕೂತರು, ಇಳಿದರು, ನಂಬಿಕೆ ಬಾರದವರಂತೆ ಮತ್ತೊಮ್ಮೆ ಕೂತರು. "ಇದರಾಗ ಕಾಲು ತಾನ ಒಳಗ ಬರ್ತಾವ ನೋಡು." ಹಿಂದೆ ಪೆಟ್ಟಿಗೆಗೆ ಬೇಕಾದಷ್ಟು ಜಾಗವಿತ್ತು. ವತ್ಸಲಾ ಮೂರು ಸಲ ಅಳೆದಳು.

ಓಡಿಸಿ ನೋಡಿ ಎಂದು ಸೇಲ್ಸ್‌ಮನ್ನು ಬೀಗದ ಕೈ ಕೊಟ್ಟು, ತಾನು ಹಿಂದೆ ಅಜ್ಜಿ ಮೊಮ್ಮಗಳ ನಡುವೆ ಕೂತ. ಗಂಡ ಮುಂದೆ, ಪಕ್ಕದಲ್ಲಿ. ಕೆಂಪು ದೀಪದ ಹತ್ತಿರ ನಿಂತಾಗ ಮಹಾಲಿಂಗಪ್ಪ ಕಿಟಕಿಯಾಚೆ ನೋಡುತ್ತ ಹೇಳಿದ, "ವತ್ಸಲಾ, ಸೋಮವಾರ ಸಹಿ ಮಾಡಬ್ಯಾಡ."

"ಯಾಕೆ? ಇದು ಇಷ್ಟ ಆಗ್ಲಿಲ್ವಾ?"

"ಕಾರು ಮೂರು ವರ್ಷ ಇಟ್ಕೋಬೇಕು ಅಂತ ಬರದಾರ ಅದರಾಗ. ನನಗ ವೇಲ್ಸಿನ ಸ್ವಾನ್ಸಿ ಆಸ್ಪತ್ರಿಯಿಂದ ಕಾಗದ ಬಂದೈತಿ. ಪರ್ಮನೆಂಟ್ ಪೋಸ್ಟು. ಗುರುವಾರ ಇಂಟರ್‌ವ್ಯೂ."

"ಯಾವಾಗ ಬಂತು ಕಾಗದ?"

"ಹದಿನೈದು ದಿನ ಆತು."

ದೀಪ ಹಸಿರಾಗಿತ್ತು. ಹಿಂದಿನವನು ಹಾರನ್ನು ಒತ್ತಿದ. ವತ್ಸಲಾ ಗೇರು ಹಾಕಿದಳು. "ನಾನು ಟೇಪ್ ಹಿಡ್ಕೊಂಡು ಕಂಡೋರ ಕಾರೆಲ್ಲ ಅಳೀತಿದ್ರೆ ನೀವು ನೋಡ್ಕೊಂಡು ಸುಮ್ನಿದ್ರಾ?"

"ಸಿಗತೈತೋ ಇಲ್ಲೋ ಅಂತ ಹೇಳಲಿಲ್ಲ. ಒಂಬತ್ತು ವರ್ಷ ಕಾದೇನಿ ವತ್ಸಲಾ."

"ನಾನೂ ಕಾದಿದ್ದೀನಿ ರೀ."

ಹೀಟರು ಎರಡು ನಿಮಿಷಕ್ಕೆ ಬಿಸಿಯಾಗುತ್ತದೆ ಎಂದ ಸೇಲ್ಸ್‌ಮನ್ನು. "ಮನಿಗೆ ಹೋಗಿ ಜಗಳಾಡ್ರಿ, ಮೊದಲ ರಸ್ತೆ ನೋಡು" ಎಂದರು ಬಸಲಿಂಗವ್ವ. ಎಡಕ್ಕೆ ತಿರುಗಿ ಎಂದು ಸೇಲ್ಸ್‌ಮನ್ನು ಹೇಳಿದ ತಿರುವು ದಾಟಿ ಹೋಯಿತು, ಅದರಾಚೆಯದೂ ಹೋಯಿತು. ಮನೆಗಳು ಕಡಿಮೆಯಾಗಿ ಹೊಲ ಕಾಣತೊಡಗಿದವು. ಹಿಂದಿನಿಂದ ಅಪೂರ್ವಾ ಕೇಳಿದಳು.

"ಅಮ್ಮಾ, ಆಮ್ ಐ ಚೇಂಜಿಂಗ್ ಸ್ಕೂಲ್ ಅಗೇನ್?"

ವತ್ಸಲಾ ಪಕ್ಕಕ್ಕೆ ಕಾರು ನಿಲ್ಲಿಸಿ, ಇಳಿದು, ಹಿಂದೆ ಹೋಗಿ ಡಿಕ್ಕಿ ತೆರೆದು ಒಳಗೆ ನೋಡುತ್ತ ನಿಂತಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮುಖ ಮರೆಸಿಕೊಳ್ಳಲು ಅವಳಿಗೆ ಬೇರೆ ಜಾಗ ಸಿಗಲಿಲ್ಲ, ಅಷ್ಟೆ.

ಭಾನುವಾರವಿಡೀ ಮೆಟ್ಟಿಲು ಹತ್ತಿ ಇಳಿದು ಕಳೆದಳು. ಒಗೆದ ಬಟ್ಟೆಯನ್ನೇ ಮತ್ತೆ ಮಷೀನಿಗೆ ಹಾಕಿದಳು. ಸೋಮವಾರ ಬೆಳಗ್ಗೆ ಪೌಲೀನಳಿಗೆ ಫೋನು ಮಾಡಿ, ವೇಲ್ಸ್ ಕಡೆ ಕೆಲಸ ಉಂಟೇ ಎಂದು ಕೇಳಿದಳು. ಅಲ್ಲಿಗೆ ಬೇರೆಯವರಿದ್ದಾರೆ ಎಂದಳು ಪೌಲೀನ್. ಗಂಡನ ಒಂಬತ್ತು ವರ್ಷ ಅವಳಿಗೆ ಗೊತ್ತಿಲ್ಲದ್ದಲ್ಲ. ತನಗಿಂತ ಕಿರಿಯರು ಮೇಲೇರುವುದನ್ನು ನೋಡಿಕೊಂಡು ರಾತ್ರಿಪಾಳಿ ಮಾಡಿದವನು ಅವನು. ಆದರೆ ಈ ಆರು ತಿಂಗಳು ತನ್ನವು. ಫೆಲ್ಥಮ್ಮಿನ ಕ್ಲಿನಿಕ್ಕಿನ ಮೊಗಸಾಲೆಯಲ್ಲಿ ಕೂತು ಪೆನ್ನು ತೆಗೆದು, ಎಸ್ಟೇಟ್, ಕಡು ಹಸಿರು, ಮೂರು ವರ್ಷ ಎಂದು ಬರೆದಳು. ಅಲ್ಲಿನ ಮಷೀನಿನಿಂದಲೇ ಫ್ಯಾಕ್ಸು ಮಾಡಿದಳು.

ಸಂಜೆ ಗಂಡ ಊಟಕ್ಕೆ ಕೂತಾಗ ಹೇಳಿದಳು. ಅವನು ಕಲಸಿದ ಅನ್ನ ಹಾಗೇ ಬಿಟ್ಟ.

"ಕೆಲಸ ಸಿಕ್ಕರ?"

"ನೀವು ಹೋಗಿ. ಶುಕ್ರವಾರ ಶುಕ್ರವಾರ ನಾವೇ ಬರ್ತೀವಿ."

"ಅದಕ್ಕ ಸಂಸಾರ ಅಂತಾರೇನು?"

"ನಂಗೊತ್ತಿಲ್ಲ ರೀ. ಅವಳು ನಾಲ್ಕನೇ ಸ್ಕೂಲಿಗೆ ಹೋಗೋದು ಬೇಡ. ನಾನೂ ಈ ಕೆಲಸ ಬಿಡಲ್ಲ. ಗೊತ್ತಿರೋದು ಇಷ್ಟೇ."

ಕೆಲಸ ಸಿಕ್ಕಿತು. ಮೇ ತಿಂಗಳಲ್ಲಿ ಮಹಾಲಿಂಗಪ್ಪ ಎರಡು ಸೂಟ್‌ಕೇಸು ಹಿಡಿದು ಹೋದ. ಕಾರು ಬಂದದ್ದು ಜೂನಿನಲ್ಲಿ. ಪ್ರತಿ ಶುಕ್ರವಾರ ಸ್ಕೂಲು ಬಿಟ್ಟೊಡನೆ ಎಂ-ಫೋರ್ ಹೆದ್ದಾರಿ ಹಿಡಿದರೆ ನಾಲ್ಕು ಗಂಟೆಯ ದಾರಿ. ರೆಡಿಂಗಿನ ಹತ್ತಿರ ಅಪೂರ್ವಾಗೆ ಒಮ್ಮೆ ಇಳಿಯಲೇಬೇಕು. ಮೂರನೆಯ ಸಲ ಹೋದಾಗ ಬಸಲಿಂಗವ್ವ, "ಅಂವ ಬ್ರೆಡ್ಡು ತಿಂದು ಒಣಗ್ಯಾನ, ನಾ ಇಲ್ಲೇ ಇರ್ತೀನಿ" ಎಂದು ಅಲ್ಲೇ ಉಳಿದುಬಿಟ್ಟರು. ಎಜ್‌ವೇರಿನ ಮನೆ ಖಾಲಿಯೆನಿಸಿ ವತ್ಸಲಾ ಕೆಲಸವಿಲ್ಲದಿದ್ದರೂ ಕಾರು ಹತ್ತಿ ಹೊರಡುತ್ತಿದ್ದಳು. ಭಾನುವಾರ ಎಷ್ಟು ಗಂಟೆಗೆ ಹೊರಡುವುದೆಂಬುದಕ್ಕೇ ಗಂಡಹೆಂಡಿರಿಗೆ ಜಗಳ. ಒಂದು ವಾರ ದಾರಿ ಮಧ್ಯದ ಸರ್ವಿಸ್ ಸ್ಟೇಷನ್ನಿನಿಂದ ಫೋನು ಮಾಡಿ, ಇನ್ನು ಮುಂದಕ್ಕೆ ಓಡಿಸಲಾರೆ ಎಂದು ಅತ್ತು, ಹೇಗೋ ಮನೆಗೆ ಹಿಂತಿರುಗಿದಳು. ಮಹಾಲಿಂಗಪ್ಪ ಮರುದಿನ ಮೊದಲ ರೈಲಿಗೆ ಎಜ್‌ವೇರಿಗೆ ಬಂದು ಎರಡು ದಿನ ಅಡುಗೆ ಮಾಡಿಹಾಕಿದ.

ಆ ವರ್ಷಗಳು ಸುಖದವು ಎಂದು ಇಬ್ಬರೂ ಯಾವತ್ತೂ ಹೇಳಿಲ್ಲ. ಎರಡೂವರೆ ವರ್ಷವಾದ ಮೇಲೆ ವಾಯವ್ಯ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಜಾಗ ಖಾಲಿಯಾಯಿತು. ಅದೂ ಪರ್ಮನೆಂಟೇ, ಆದರೆ ಒಂದು ಮೆಟ್ಟಿಲು ಕೆಳಗಿನದು. ಹೆಂಡತಿಗೆ ಹೇಳದೆ ಅರ್ಜಿ ಹಾಕಬಾರದೆಂದು ಈ ಸಲ ಮೊದಲೇ ಫೋನು ಮಾಡಿದ. ಬನ್ನಿ ಎಂದೂ ಅವಳು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ನಿಮಗೆ ಆಮೇಲೆ ಬೇಜಾರಾದ್ರೆ?" ಎಂದಳು.

"ಇಲ್ಲಿ ಸಂಜಿ ಆದ್ರ ಏನು ಮಾಡೂದು ತಿಳೀವಲ್ದು" ಎಂದ ಅವನು.

ಆ ಕೆಲಸ ಸಿಕ್ಕಿತು. ಡಿಸೆಂಬರಿನ ಒಂದು ಮಧ್ಯಾಹ್ನ ವತ್ಸಲಾ ಸ್ವಾನ್ಸಿಗೆ ಹೋಗಿ ಗಂಡ, ಅತ್ತೆ ಇಬ್ಬರನ್ನೂ ಕರೆತಂದಳು. ಹಿಂದೆ ಸಾಮಾನು, ರೊಟ್ಟಿಯ ಹಂಚು, ಪಾತ್ರೆಗಳು. ಊರು ದಾಟುವ ಮೊದಲೇ ಬಸಲಿಂಗವ್ವ ಗೊರಕೆ ಹೊಡೆದರು. ಮಹಾಲಿಂಗಪ್ಪನೂ ಪಕ್ಕದ ಸೀಟಿನಲ್ಲಿ ತಲೆ ಒರಗಿಸಿ ಮಲಗಿದ. ವೇಲ್ಸ್ ದಾಟುವ ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ವತ್ಸಲಾ ರೇಡಿಯೋ ಹಾಕಿದಳು, ಆರಿಸಿದಳು, ಸ್ವಲ್ಪ ಹೊತ್ತಿಗೆ ಸಣ್ಣದಾಗಿ ಮತ್ತೆ ಹಾಕಿದಳು.