ಮರ್ಯಾದೆಯ ರೇಟು

ರೇಟು ಹೇಳುವುದೆಂದರೆ ನನಗೆ ಭಯ. ಸಂಕೋಚ ಅಂದುಕೊಳ್ಳಬೇಡಿ, ನಿಜವಾದ ಭಯ. ಎದುರಿಗಿರುವವರ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಕಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲೇಸರ್ ಮಷೀನು ಇಟ್ಟು ನಾಲ್ಕು ವರ್ಷವಾಯಿತು. ಮನೆಗಳಿಗೆ ಹೆಸರಿನ ಬೋರ್ಡು, ತೊಟ್ಟಿಲಿಗೆ ಮಗುವಿನ ಹೆಸರು, ಮದುವೆಯಲ್ಲಿ ಹಂಚಲು ಗಂಡುಹೆಣ್ಣಿನ ಹೆಸರಿನ ಕೀ ಚೈನು, ಯಾರು ಏನು ಕೇಳಿದರೂ ಕತ್ತರಿಸಿಕೊಡುತ್ತೇನೆ. ಒಮ್ಮೆ ಮಷೀನಿನೊಳಗೆ ಹಲಗೆಗೆ ಬೆಂಕಿ ಹತ್ತಿದಾಗ ಒದ್ದೆ ಗೋಣಿಚೀಲ ಹಾಕಿ ಆರಿಸಿದವಳು ನಾನು. ಆದರೆ ಯಾರಾದರೂ "ಎಷ್ಟಾಗುತ್ತೆ?" ಅಂದರೆ ಜೀವ ಬಾಯಿಗೆ ಬರುತ್ತದೆ.

ಮೊದಲು ಬ್ಲೌಸ್ ಹೊಲಿಯುತ್ತಿದ್ದೆ. ಅದರ ರೇಟು ಬೀದಿಗೆಲ್ಲ ಗೊತ್ತಿತ್ತು, ನಾನು ಬಾಯಿ ಬಿಡಬೇಕಾಗಿರಲಿಲ್ಲ. ಈ ಕೆಲಸದ ಬೆಲೆ ಮಾತ್ರ ಯಾರಿಗೂ ತಿಳಿಯದು. ಅಕ್ಷರಕ್ಕೆ ಇಷ್ಟು ಎಂದು ಇಟ್ಟುಕೊಂಡಿದ್ದೇನೆ. ಅಕ್ರಿಲಿಕ್ ಹಾಳೆ, ಕರೆಂಟು, ಅಂಟು ಎಲ್ಲ ಸೇರಿಸಿ ಚೀಟಿಯ ಮೇಲೆ ಸಾವಿರದ ನಾನೂರು ಎಂದು ಬರೆದಿರುತ್ತೇನೆ, ಬಾಯಿ ಎಂಟುನೂರು ಎನ್ನುತ್ತದೆ. ನಾನು ಹೆದರುವುದು ಒಂದೇ ಮಾತಿಗೆ. "ಅಷ್ಟಾ?" ಎನ್ನುವ ಮಾತಿಗೆ. ಹುಬ್ಬು ಮೇಲೇರಿಸಿ, ಕೊನೆಯಲ್ಲಿ ಎಳೆದು, ನಾನು ಅವರ ಮನೆಗೆ ಕನ್ನ ಹಾಕಲು ಬಂದವಳೇನೋ ಎಂಬಂತೆ ಹೇಳುತ್ತಾರೆ.

ಹೋದ ವರ್ಷ ಅಜ್ಜಂಪುರದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಹೊಸ ಮನೆ ಕಟ್ಟಿದ್ದರು. ಮನೆಗೆ ಅತ್ತೆಯ ಹೆಸರಿಡಬೇಕು, 'ಶ್ರೀಮತಿ ಇಂಥವರ ನಿಲಯ' ಎಂದು ಬೋರ್ಡು ಬೇಕು ಎಂದರು. ಅತ್ತೆಗೆ ಎಂಬತ್ತು ದಾಟಿತ್ತು. ಹೃದಯದ ತೊಂದರೆಯಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಮನೆಗೆ ಬಂದಿದ್ದರಂತೆ. ಅವರಿರುವಾಗಲೇ ಅವರ ಹೆಸರು ಬಾಗಿಲ ಮೇಲೆ ಬರಲಿ ಎಂಬ ಆಸೆ. ಇಷ್ಟು ಹೇಳಿ ಸೊಸೆ ಅಕ್ಷರ ಎಣಿಸಲು ಕೂತರು.

"ಒತ್ತಕ್ಷರಕ್ಕೂ ದುಡ್ಡೇನ್ರೀ? ಅದು ಕೆಳಗಡೆ ನೇತಾಡೋದು ತಾನೇ?"

ಒತ್ತಕ್ಷರ ಬಿಟ್ಟೆ.

"ಶ್ರೀಮತಿ ಅನ್ನೋದನ್ನೂ ಎಣಿಸ್ತೀರಾ? ಅದು ಅಕ್ಷರ ಅಲ್ಲ ಕಣ್ರೀ, ಮರ್ಯಾದೆ. ಮರ್ಯಾದೆಗೂ ಯಾರಾದ್ರೂ ದುಡ್ಡು ತಗೋತಾರಾ?"

ಅದನ್ನೂ ಬಿಟ್ಟೆ. ಬಿಟ್ಟ ಮೇಲೆ ನಕ್ಕೆ ಕೂಡ, ಅಷ್ಟು ಪುಕ್ಕಲು ನಾನು.

ಅದೇ ವಾರ ತರೀಕೆರೆಯಿಂದ ಇನ್ನೊಂದು ಕೆಲಸ ಬಂತು. ತೀರಿಕೊಂಡ ತಾಯಿಯ ಹೆಸರಿನಲ್ಲಿ ಮಠದ ದಾಸೋಹಕ್ಕೆ ಪಾತ್ರೆ ಕೊಡುತ್ತಿದ್ದರು, ಅದರ ಜೊತೆಗೊಂದು ಫಲಕ. 'ಲಿಂ. ಇಂಥವರ ಸ್ಮರಣಾರ್ಥ'. ಲಿಂ. ಎಂದರೆ ಲಿಂಗೈಕ್ಯ. ನಮ್ಮ ಕಡೆ ತೀರಿಕೊಂಡವರ ಹೆಸರಿನ ಮುಂದೆ ಹಾಗೆ ಬರೆಯುತ್ತಾರೆ. ವಿಚಿತ್ರವೆಂದರೆ ಇಬ್ಬರು ಅಜ್ಜಿಯರದೂ ಒಂದೇ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಮೂರು ತಾಲ್ಲೂಕಿನಲ್ಲಿ ಬೀದಿಗೊಬ್ಬರಾದರೂ ಆ ಹೆಸರಿನ ಅಜ್ಜಿ ಸಿಗುತ್ತಾರೆ.

ಎರಡರ ಅಕ್ಷರಗಳನ್ನೂ ಒಂದೇ ಚಿನ್ನದ ಬಣ್ಣದ ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸಿದೆ. ಕಡಿಮೆ ರೇಟು ಹೇಳಿದವಳಿಗೆ ಎರಡು ಹಾಳೆ ಎಲ್ಲಿಂದ ಬರಬೇಕು? ಮರ್ಯಾದೆ ಪುಕ್ಕಟೆಯಾದ್ದರಿಂದ ಅದಕ್ಕೆಂದು ಜಾಗ ಬಿಡಲಿಲ್ಲ. ಎಲ್ಲ ಆದ ಮೇಲೆ ಮೂಲೆಯಲ್ಲಿ ಉಳಿದ ತುಂಡಿನಲ್ಲಿ ಶ್ರೀಮತಿಯನ್ನೂ ಲಿಂ. ಅನ್ನೂ ಒಟ್ಟಿಗೆ ತುರುಕಿದೆ. ಬೆಳಿಗ್ಗೆ ಅಜ್ಜಂಪುರದ ಬೋರ್ಡಿಗೆ ಅಕ್ಷರ ಅಂಟಿಸುವಾಗ ಕಿವಿಗೂ ಭುಜಕ್ಕೂ ನಡುವೆ ಫೋನಿತ್ತು, ಆ ಕಡೆ ಇನ್ಯಾರೋ ಕೀ ಚೈನಿಗೆ ಚೌಕಾಸಿ ಮಾಡುತ್ತಿದ್ದರು. ಇಡೀ ದಿನ ಅಕ್ಷರ ಕತ್ತರಿಸುವವಳಿಗೆ ಅವು ಬರೀ ತುಂಡುಗಳು, ಯಾರು ಓದುತ್ತಾರೆ? ಮರ್ಯಾದೆಯ ತುಂಡುಗಳನ್ನು ಹೆಸರಿನ ಮೇಲೆ ನಡುವಿನಲ್ಲಿ ಸಣ್ಣದಾಗಿ ಅಂಟಿಸಿ, ಪೇಪರ್ ಸುತ್ತಿ, ಏಳು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಮರುದಿನ ಗೃಹಪ್ರವೇಶ.

ಒಂಬತ್ತಕ್ಕೆ ತರೀಕೆರೆಯ ಫಲಕ ಹಿಡಿದು ಕೂತೆ. ಅಕ್ಷರದ ತಟ್ಟೆಯಲ್ಲಿ ಉಳಿದಿದ್ದುದು 'ಶ್ರೀಮತಿ'.

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಲಿಂ. ಅಜ್ಜಂಪುರದ ಬೋರ್ಡಿಗೆ ಹೋಗಿತ್ತು. ಬದುಕಿರುವ, ಆಸ್ಪತ್ರೆಯಿಂದ ಈಗಷ್ಟೇ ಎದ್ದು ಬಂದ ಮುದುಕಿಯ ಹೆಸರಿಗೆ ಸಾವನ್ನು ಅಂಟಿಸಿ, ಅವರ ಹೊಸ ಮನೆಗೆ ಬಸ್ಸಿನಲ್ಲಿ ಕಳಿಸಿಬಿಟ್ಟಿದ್ದೆ. ಸೊಸೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಬ್ಲೇಡು, ಅಂಟು, ಆ 'ಶ್ರೀಮತಿ'ಯನ್ನು ಪರ್ಸಿಗೆ ಹಾಕಿಕೊಂಡು ಅಜ್ಜಂಪುರದ ಬಸ್ಸಿಗೆ ಓಡಿದೆ.

ಬಸ್ಸು ಬೀರೂರಿನಲ್ಲಿ ಹತ್ತು ನಿಮಿಷ ನಿಂತಿತು. ಡ್ರೈವರ್ ಟೀ ಕುಡಿಯುತ್ತಿದ್ದ, ನಾನು ಸೀಟಿನ ಕಂಬಿ ಹಿಡಿದು ಕೂತಿದ್ದೆ. ಅಜ್ಜಿ ಪೇಪರ್ ಬಿಚ್ಚಿ ಓದಿ ಎದೆ ಹಿಡಿದುಕೊಂಡು ಕೂತ ಹಾಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಅವರಿಗೆ ಏನಾದರೂ ಆದರೆ? ಇವತ್ತಾಗದೆ ಒಂದು ತಿಂಗಳು ಬಿಟ್ಟು ಆದರೂ, ಆ ಬೋರ್ಡು ಬಂದ ದಿನವೇ ಎಲ್ಲ ಮುಗಿದಿತ್ತು ಎಂದೇ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ದೇವರೇ, ಅವರು ಮಾತ್ರ ಅದನ್ನು ನೋಡದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಚಪ್ಪರ ಹಾಕುತ್ತಿದ್ದರು. ಬಾಗಿಲಲ್ಲಿ ಮಾವಿನೆಲೆ ಕಟ್ಟುತ್ತಿದ್ದ ಹೆಂಗಸಿನ ದನಿ ಕೇಳಿಯೇ ಸೊಸೆಯೆಂದು ಗುರುತು ಹಿಡಿದೆ. ನಾನು ಯಾರೆಂದು ಹೇಳಿದೆ.

"ಅಯ್ಯೋ, ನೀವೇ ಬಂದ್ಬಿಟ್ರಾ! ನಾನಿನ್ನೂ ನೋಡೇ ಇಲ್ಲ ಕಣ್ರೀ. ನಮ್ಮತ್ತೆ ಬಿಚ್ಕೊಂಡು ಆಗ್ಲಿಂದ ತೊಡೆ ಮೇಲಿಟ್ಕೊಂಡು ಕೂತವ್ರೆ, ಯಾರ್ಗೂ ಕೊಡ್ತಿಲ್ಲ."

ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ಹೊಸ ಬಣ್ಣದ ವಾಸನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು, ಹಣೆಯಲ್ಲಿ ವಿಭೂತಿ, ಮೂಗಿನ ಮೇಲೆ ಕನ್ನಡಕ. ತೊಡೆಯ ಮೇಲೆ ಬೋರ್ಡು. ಹೆಸರಿನ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು. ಸೊಸೆಗೆ, "ಹೋಗಿ ಇವ್ಳಿಗೆ ಕಾಫಿ ಮಾಡ್ಕೊಂಡು ಬಾರೇ," ಎಂದರು. ಸೊಸೆ ಹೋಗುವವರೆಗೆ ಕಾದು ಕೈ ತೆಗೆದರು. ಲಿಂ. ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಸ್ವಲ್ಪ ಬೇಗ ಬಂದ್ಬಿಟ್ಟೈತಲ್ಲೇ ಇದು?"

ನಾನು ಅವರ ಕಾಲ ಬಳಿ ಕೂತೆ. "ತಪ್ಪಾಯ್ತು ಅಜ್ಜಿ, ತಪ್ಪಾಯ್ತು," ಎಂದೆ. ತರೀಕೆರೆಯ ಫಲಕ, ಮೂಲೆಯ ತುಂಡು, ಪುಕ್ಕಟೆ ಮರ್ಯಾದೆ ಎಲ್ಲವನ್ನೂ ಅಳುತ್ತಾ ಒದರಿದೆ.

"ಮೊದ್ಲು ಕಿತ್ತಾಕು. ಅವ್ಳು ನೋಡಿದ್ರೆ ನಾಳೆ ಗೃಹಪ್ರವೇಶಾನೇ ನಿಲ್ಲಿಸ್ತಾಳೆ. ಅಳೋದು ಆಮ್ಯಾಕೆ."

ಬ್ಲೇಡು ತೆಗೆದೆ. ಅಜ್ಜಿಯೇ ಬೋರ್ಡನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಲಿ ಬಂತು, ಚುಕ್ಕೆ ಬಂತು. ಸೊನ್ನೆ ಹಾರಿ ಕುರ್ಚಿಯ ಕೆಳಗೆ ಹೋಯಿತು, ಮಂಡಿಯೂರಿ ಹುಡುಕಿ ತಂದೆ. ಗುರುತು ಉಳಿದ ಜಾಗದ ಮೇಲೆ ಶ್ರೀಮತಿಯನ್ನು ಅಂಟಿಸಿದೆ, ಅದು ಅಗಲವಾಗಿದ್ದುದರಿಂದ ಎಲ್ಲ ಮುಚ್ಚಿತು. ಕಾಫಿ ಬರುವ ಹೊತ್ತಿಗೆ ಕಿತ್ತ ತುಂಡುಗಳು ನನ್ನ ಮುಷ್ಟಿಯಲ್ಲಿದ್ದವು. ಸೊಸೆ ಬೋರ್ಡು ನೋಡಿ, ಚೆನ್ನಾಗೈತೆ ಎಂದು ಮತ್ತೆ ಮಾವಿನೆಲೆಗೆ ಹೋದರು.

ಅಜ್ಜಿ ಸೊಂಟದ ಚೀಲ ತೆಗೆದರು.

"ಮರ್ಯಾದೆ ಪುಕ್ಕಟೆ ತಗೋಬಾರ್ದು. ಎರಡಕ್ಕೂ ಸೇರಿ ಎಷ್ಟು, ಹೇಳು."

"ಎರಡಕ್ಕಾ?"

"ಈಗ ಅಂಟಿಸಿದ್ದಕ್ಕೂ, ನಿನ್ನ ಕೈಯಾಗಿರೋದಕ್ಕೂ. ಅದೂ ನಂದೇ ತಾನೇ? ಜೋಪಾನವಾಗಿ ಮಡಗಿರು. ಬೇಕಾದಾಗ ನಮ್ಮ ಸೊಸೆ ಬಂದು ನಿನ್ನತ್ರ ಚೌಕಾಸಿ ಮಾಡ್ಬಾರ್ದು."

ಬೇಡ ಎಂದೆ. ಕೇಳಲಿಲ್ಲ. ರೇಟು ಹೇಳದೆ ಏಳುವಂತಿಲ್ಲ ಎಂದರು. ಅಂಥ ವಸ್ತುವಿಗೆ ಬೆಲೆ ಹೇಗೆ ಹೇಳುವುದು? ನೋಡಲು ಗೋಡೆಯಲ್ಲಿ ಕ್ಯಾಲೆಂಡರೂ ಇರಲಿಲ್ಲ, ಹೊಸ ಮನೆ. ಅವರ ಮುಖವನ್ನೇ ನೋಡಿ, ಚೀಟಿಯಲ್ಲಿ ಬರೆಯುವ ಬೆಲೆಯನ್ನೇ ಹೇಳಿದೆ.

"ಇನ್ನೂರು, ಅಜ್ಜಿ."

ಅವರ ಹುಬ್ಬು ಮೇಲೇರಿತು.

"ಅಷ್ಟೇನಾ?" ಎಂದು ಎರಡು ನೋಟು ಕೊಟ್ಟರು.

ತರೀಕೆರೆಯವರಿಗೆ ಬೇರೆ ಲಿಂ. ಕತ್ತರಿಸಿದೆ. ಅಂದಿನಿಂದ ಶ್ರೀಮತಿಯನ್ನೂ ಒತ್ತಕ್ಷರವನ್ನೂ ಎಣಿಸುತ್ತೇನೆ, ಜನ "ಅಷ್ಟಾ?" ಎಂದರೆ "ಅಷ್ಟೇ" ಎನ್ನುತ್ತೇನೆ. ದನಿ ಈಗಲೂ ನಡುಗುತ್ತದೆ, ಆದರೆ ಬೆಲೆ ಇಳಿಯುವುದಿಲ್ಲ.

ಆ ಮೂರು ತುಂಡುಗಳು ಮಷೀನಿನ ಕೆಳಗಿನ ಡ್ರಾಯರಿನಲ್ಲಿ, ಕುಂಕುಮದ ಖಾಲಿ ಡಬ್ಬಿಯಲ್ಲಿವೆ. ದುಡ್ಡು ತೆಗೆದುಕೊಂಡಾಗಿದೆ, ಕೇಳಿದ ದಿನ ಕೊಡಲೇಬೇಕು. ಅಜ್ಜಂಪುರದ ಆ ನಂಬರಿನಿಂದ ಈವರೆಗೆ ಎರಡು ಸಲ ಫೋನ್ ಬಂದಿದೆ. ಎರಡು ಸಲವೂ ನಾನು ಮೊದಲು ಡ್ರಾಯರ್ ಕಡೆ ನೋಡಿ, ಆಮೇಲೆ ಎತ್ತಿದೆ. ಸೊಸೆ ಕೇಳಿದ್ದು ಕೀ ಚೈನಿನ ರೇಟು. ಅವರು ಚೌಕಾಸಿ ಶುರು ಮಾಡಿದಾಗ ನನಗಾದ ಸಂತೋಷ ಅವರಿಗೆ ಗೊತ್ತಿಲ್ಲ.