ಕುಚ್ಚು ಕಟ್ಟಿದ ಕಾಂಡ್ಲಾ

ಗೆಳೆಯರೇ, ತಮಿಳುನಾಡಿನ ಸಿಂಗಾನಲ್ಲೂರಿನ ನಮ್ಮನೆಯಲ್ಲಿ ಇವತ್ತು ಸಣ್ಣ ಯುದ್ಧ. ನಾಳೆಯ ಪಾಠಕ್ಕೆಂದು ಕಡಲತೀರದಿಂದ ತಂದಿದ್ದ ಉಪ್ಪುನೀರಲ್ಲಿ ಬೆಳೆಯುವ ಎರಡು ಜಾತಿಯ ಕಾಂಡ್ಲಾ ಗಿಡಗಳ ಕೊಂಬೆಗಳಿಂದ ನನ್ನ ಹೆಸರುಚೀಟಿಗಳು ಉದುರಿದ್ದವು. ಅತ್ತೆ ಕಸವೆಂದು ಗುಡಿಸಿಬಿಟ್ಟರು. ಕನ್ನಡ ಅವರ ಮನೆಮಾತು, ಆದರೆ ಶಾಲೆಯಲ್ಲಿ ಕಲಿತದ್ದು ತಮಿಳು; ಕನ್ನಡ ಓದಲು ಬಾರದು.

“ಎರಡೂ ಒಂದೇ ಥರ ಕಾಣುತ್ತೆ ಅತ್ತೆ, ಮಕ್ಕಳು ಹೇಗೆ ಗುರುತಿಸಬೇಕು?” ಎಂದು ರೇಗಿದೆ.

ನಲವತ್ತು ವರ್ಷ ಸೀರೆ ನೇಯ್ದವರು ಕನ್ನಡಕ ಏರಿಸಿದರು. “ಒಂದೇ ಮಾದಿರಿ ಎಲ್ಲೈತೆ, ನನ್ ಕಣ್ಣು? ಇದ್ರ ಹೂವು ಉದ್ದ ತೊಟ್ಟಲ್ಲಿ ತೂಗ್ತೈತೆ, ಕುಚ್ಚು ಕಟ್ಟಿದ ಸೀರೆ. ಅದ್ರದು ಕೊಂಬೆಗೇ ಅಂಟ್ಕೊಂಡೈತೆ, ಕುಚ್ಚಿಲ್ಲ. ಅಷ್ಟೇದಾನೆ!”

ನನ್ನ ಒಂದು ಗಂಟೆಯ ಪಾಠ ಅತ್ತೆಯ ಎರಡೇ ಮಾತಲ್ಲಿ ಮುಗಿಯಿತು.

ಸಂಜೆ ನೋಡಿದರೆ ಎರಡಕ್ಕೂ ಅತ್ತೆ ತಮಿಳಿನಲ್ಲಿ ಬರೆದ ಹೊಸ ಚೀಟಿ. ನನಗೆ ತಮಿಳು ಓದಲು ಬಾರದೆಂದು ಅವರಿಗೂ ಗೊತ್ತು. ಅದಕ್ಕೇ ಒಂದು ಚೀಟಿಯ ದಾರಕ್ಕೆ ಕೆಂಪು ರೇಷ್ಮೆಯ ಕುಚ್ಚು ಕಟ್ಟಿಟ್ಟಿದ್ದಾರೆ.