ಹಳದಿಯವನು ಕೆಂಪಾದ ಕಂತು

ಥಿನ್ನರಿನ ವಾಸನೆ ಬಂದರೆ ನನಗೆ ಜಪಾನಿನ ಒಂದು ಮಕ್ಕಳ ಸೀರಿಯಲ್ಲು ನೆನಪಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮೊನ್ನೆ ಇಲ್ಲಿ ಗಲ್ಫಿನಲ್ಲಿ, ನಜ್ಮಾ ಬಡಾವಣೆಯ ಓಣಿಯೊಂದರಲ್ಲಿ ಟೈಲರ್ ಅಂಗಡಿಯ ಶಟರಿಗೆ ಯಾರೋ ಬಣ್ಣ ಬಳಿಯುತ್ತಿದ್ದ. ಬ್ರಷ್ ತೊಳೆಯಲು ಅವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನನ್ನ ಕಾಲು ನಿಂತಲ್ಲೇ ನಿಂತಿತು. ಕೈಯಲ್ಲಿ ಖುಬ್ಬೂಸ್ ರೊಟ್ಟಿಯ ಪೊಟ್ಟಣ, ಬೆನ್ನ ಹಿಂದೆ ಸೈಕಲ್ಲಿನವನ ಬೆಲ್ಲು. ನಾನು ಮಾತ್ರ ಐದು ಬಣ್ಣದ ಬಟ್ಟೆ ತೊಟ್ಟು ಗಾಳಿಯಲ್ಲಿ ಹಾರುವ ಜನರನ್ನು ನೆನೆಯುತ್ತ ಗೋಡೆ ಹಿಡಿದು ನಿಂತಿದ್ದೆ...

ಅಲ್ಲಿಂದ ಎರಡು ಗಲ್ಲಿ ಆಚೆ ಆಗ ನಮ್ಮ ರೂಮು. ಹಳೆಯ ವಿಲ್ಲಾ ಒಂದನ್ನು ಕಂಪನಿಯವರು ಬಾಡಿಗೆಗೆ ಹಿಡಿದು ನಮ್ಮನ್ನು ತುಂಬಿದ್ದರು. ಕಬ್ಬಿಣದ ಮಂಚ, ಒಂದರ ಮೇಲೊಂದು. ಕೆಳಗಿನದು ನನ್ನದು, ಮೇಲಿನದು ಬಾಗಲಕೋಟೆ ಕಡೆಯ ಒಬ್ಬರದು. ರೂಮಿನಲ್ಲಿ ಎಲ್ಲರಿಗೂ ಅವರು ‘ಮೇಲಿನ ಮಂಚದವರು’, ಇಲ್ಲಿಯೂ ಹಾಗೇ ಇರಲಿ. ನಾನು ಕುಂದಾಪುರದವನು. ನನ್ನ ಕನ್ನಡ ಕೇಳಿ ಅವರು ನಗುವುದು, ಅವರ ಕನ್ನಡ ಕೇಳಿ ನಾನು ನಗುವುದು, ಇದರಲ್ಲೇ ಮೊದಲ ತಿಂಗಳು ಕಳೆಯಿತು. ದಪ್ಪ ಆಳು. ಮಗ್ಗುಲು ಬದಲಿಸಿದರೆ ಮಂಚವೆಲ್ಲ ಕಿರುಗುಟ್ಟುತ್ತಿತ್ತು. ನಾನು ಕೆಳಗಿನಿಂದ ಹಲಗೆಗೆ ಒದೆಯುತ್ತಿದ್ದೆ. ಬಿದ್ದರೆ ನಿಮ್ಮ ಮೇಲೇ ಬೀಳುವುದು, ನೋಡಿಕೊಂಡು ಒದೆಯಿರಿ ಎಂದು ಅವರು ಮೇಲಿನಿಂದ ಹೇಳುತ್ತಿದ್ದರು.

ಬೆಳಕು ಹರಿಯುವ ಮುಂಚೆ ಕಂಪನಿಯ ಬಸ್ಸು ಬರುತ್ತಿತ್ತು. ರಾಸ್ ಲಫಾನಿನ ಗ್ಯಾಸ್ ಸ್ಥಾವರಕ್ಕೆ ಹೋಗುವ ರಸ್ತೆಯಲ್ಲಿ, ಅದರ ಗೇಟಿಗಿಂತ ಎಷ್ಟೋ ಈಚೆಗೆ ನಮ್ಮ ಯಾರ್ಡು. ಪೈಪು ಕತ್ತರಿಸಿ, ಬೆಸೆದು, ಬಣ್ಣ ಹೊಡೆದು ಕಳಿಸುವ ಜಾಗ. ನಾನು ಸ್ಟೋರ್ ಕೀಪರ್, ನೆರಳಿನಲ್ಲಿ ಕೂರುವ ಪುಣ್ಯವಂತ. ಅವರು ರಿಗ್ಗರ್. ಪೈಪಿಗೆ ಬೆಲ್ಟು ಬಿಗಿದು, ಕ್ರೇನಿನವನಿಗೆ ಕೈಸನ್ನೆ ಮಾಡಿ ಎತ್ತಿಸುವ, ಇಳಿಸುವ ಕೆಲಸ. ಅಲ್ಲಿ ಹೆಲ್ಮೆಟ್ಟಿನ ಬಣ್ಣವೇ ಜಾತಿ. ಇಂಜಿನಿಯರಿಗೆ ಬಿಳಿ, ಸೇಫ್ಟಿಯವರಿಗೆ ಹಸಿರು, ಬೆಂಕಿ ಬೀಳದಂತೆ ಕಾಯುವ ಫೈರ್ ವಾಚಿಗೆ ಕೆಂಪು, ಉಳಿದ ಜನಸಮುದ್ರಕ್ಕೆಲ್ಲ ಹಳದಿ. ಬಿಸಿಲಿಗೆ, ಧೂಳಿಗೆ ಎಂದು ಎಲ್ಲರೂ ಮುಖಕ್ಕೆ ಬಟ್ಟೆ ಸುತ್ತಿ ಕಪ್ಪು ಕನ್ನಡಕ ಹಾಕಿಬಿಟ್ಟರೆ ಯಾರ್ಡಿನಲ್ಲಿ ಯಾರಿಗೂ ಮುಖ ಎಂಬುದಿಲ್ಲ. ಬಣ್ಣ ನೋಡಿಯೇ ಕರೆಯಬೇಕು, ಬಣ್ಣ ನೋಡಿಯೇ ಹೆದರಬೇಕು.

ಊರಿನಲ್ಲಿ ಅವರಿಗೆ ಒಬ್ಬಳೇ ಮಗಳು, ಆಗ ಎರಡನೆಯ ಇಯತ್ತೆ. ಅವಳು ನೋಡುವ ಆ ಜಪಾನಿನ ಸೀರಿಯಲ್ಲು ಊರಿನ ಟೀವಿಯಲ್ಲಿ ಹಿಂದಿಯಲ್ಲಿ ಬರುತ್ತಿತ್ತು. ಶುಕ್ರವಾರ ನಮಗೆ ರಜೆ. ಅವಳು ಶಾಲೆಯಿಂದ ಬಂದವಳೇ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಟೀವಿಯ ಕಡೆ ತಿರುಗಿಸಿ ಇಡುತ್ತಿದ್ದಳು. ಇಲ್ಲಿ ಮೇಲಿನ ಮಂಚದಲ್ಲಿ ಅಪ್ಪ ಚಕ್ಕಳಮಕ್ಕಳ ಹಾಕಿ ನೋಡುವುದು. ಅರ್ಧ ಟೀವಿ, ಅರ್ಧ ಗೋಡೆ ಕಾಣುತ್ತಿತ್ತು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಆದರೆ ಬರುವುದಿಲ್ಲ ಎಂದು ಮಗಳಿಗೆ ಹೇಳಿದ್ದರು. ಅವಳು ಕನ್ನಡದಲ್ಲಿ ಬಿಡಿಸಿ ಹೇಳಲಿ ಎಂಬ ಆಸೆ. ಐದು ಜನ, ಐದು ಬಣ್ಣ, ಮುಖ ಮುಚ್ಚುವ ಹೆಲ್ಮೆಟ್ಟು, ವಾರಕ್ಕೊಂದು ರಬ್ಬರಿನ ರಾಕ್ಷಸ. ಕೆಂಪಿನವನು ನಾಯಕ. ಹಳದಿಯವನು ಹೊಟ್ಟೆಬಾಕ, ಎಡವಿ ಬಿದ್ದು ನಗಿಸುವವನು. ರೂಮಿನ ಮಲಯಾಳಿಗಳಿಗೂ ಅಷ್ಟು ಹೊತ್ತಿಗೆ ಕಥೆ ಬಾಯಿಪಾಠವಾಗಿತ್ತು.

ತೊಂದರೆ ಶುರುವಾದದ್ದು ಒಂದು ಫೋಟೋದಿಂದ. ಯಾರ್ಡಿನಲ್ಲಿ ಯಾರೋ ತೆಗೆದದ್ದನ್ನು ಅವರು ಮನೆಗೆ ಕಳಿಸಿದ್ದರು. ಅದನ್ನು ನೋಡಿ ಮಗಳು ಫೋನಿನಲ್ಲಿ ಕೇಳಿದಳು, "ನೀ ಹಳದಿಯವ ಏನಪಾ?" ಅವರು ನಕ್ಕು ತೇಲಿಸಲು ನೋಡಿದರು. ಹಳದಿಯವರಿಲ್ಲದಿದ್ದರೆ ಇಲ್ಲಿ ಒಂದು ಪೈಪೂ ಮೇಲೇಳುವುದಿಲ್ಲ ಎಂದರು. ಅವಳು ಒಪ್ಪಲಿಲ್ಲ. ಓಣಿಯ ಮಕ್ಕಳು ಆಟದಲ್ಲಿ ಅವಳಿಗೆ ಹಳದಿಯವನ ಪಾತ್ರವನ್ನೇ ಕೊಡಲು ಶುರುಮಾಡಿದ್ದರಂತೆ, ಅವಳ ಅಪ್ಪನೂ ಅದೇ ಎಂದು. ಫೋನಿಟ್ಟ ಮೇಲೆ ಅವರು ಆ ಫೋಟೋವನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. ಕಾರ್ಟೂನಿಗೆಲ್ಲ ತಲೆ ಕೆಡಿಸಿಕೊಳ್ಳುವುದಾ ಮಾರಾಯ್ರೆ ಎಂದು ನಾನು ತಮಾಷೆ ಮಾಡಿದೆ, ಅವರು ನಗಲಿಲ್ಲ. ಎರಡು ವರ್ಷಕ್ಕೊಮ್ಮೆ ಮನೆ ಕಾಣುವ ಮನುಷ್ಯನಿಗೆ ಮಗಳ ಕಣ್ಣಿನಲ್ಲಿ ತಾನು ಏನು ಎಂಬುದೇ ಎಲ್ಲಕ್ಕಿಂತ ದೊಡ್ಡದು. ನನಗೆ ಆಗ ಮಕ್ಕಳಿರಲಿಲ್ಲ, ಅರ್ಥವಾಗಲಿಲ್ಲ.

ಆ ಕಂತು ಬಂದದ್ದು ಕಥೆಯ ನಟ್ಟನಡುವೆ. ಅಲ್ಲಿಯವರೆಗೆ ಯುದ್ಧ, ಸೋಲು, ಕಣ್ಣೀರು ಎಂದು ಬಿಗಿಯಾಗಿ ಸಾಗುತ್ತಿತ್ತು. ಮಕ್ಕಳು ಸ್ವಲ್ಪ ಉಸಿರಾಡಲಿ ಎಂದೋ ಏನೋ, ಒಂದು ವಾರ ಬರೀ ನಗೆ. ಬಟ್ಟೆ ಒಗೆಯುವ ಮಷೀನಿನ ರೂಪದ ರಾಕ್ಷಸ ಬರುತ್ತಾನೆ, ಐವರನ್ನೂ ಹೊಟ್ಟೆಯೊಳಗೆ ಹಾಕಿಕೊಂಡು ಗಿರಗಿರ ತಿರುಗಿಸಿ ಉಗುಳುತ್ತಾನೆ. ನೋಡಿದರೆ ಬಣ್ಣಗಳೆಲ್ಲ ಅದಲುಬದಲು. ಹಳದಿಯವನು ಕೆಂಪಾಗಿದ್ದಾನೆ. ಜನರೆಲ್ಲ ಕಾಪಾಡು ಎಂದು ಅವನ ಬಳಿಗೇ ಓಡಿ ಬರುತ್ತಾರೆ, ಪೊಲೀಸರು ಅವನನ್ನೇ ಅಪ್ಪಣೆ ಕೇಳುತ್ತಾರೆ, ರಾಕ್ಷಸನೂ ಅವನನ್ನೇ ಹುಡುಕಿಕೊಂಡು ಬರುತ್ತಾನೆ. ಅವನೋ ಸಿಕ್ಕ ಕಂಬದ ಹಿಂದೆ ಅಡಗುತ್ತಾನೆ. ಅತ್ತ ನಿಜವಾದ ನಾಯಕ ಹಳದಿ ತೊಟ್ಟು ಮೂಲೆಯ ಅಂಗಡಿಯಲ್ಲಿ ಕೂತು ಬಿಸಿ ಶಾವಿಗೆ ಹೀರುತ್ತಿದ್ದಾನೆ, ಒಬ್ಬನಾದರೂ ತಿರುಗಿ ನೋಡುವುದಿಲ್ಲ. ನಾವೆಲ್ಲ ಮಂಚದ ಸುತ್ತ ನಿಂತು ಬಿದ್ದು ಬಿದ್ದು ನಕ್ಕೆವು. ಕೊನೆಗೆ ಹಳದಿಯವನು ಹೇಗೋ ಧೈರ್ಯ ಮಾಡಿ ಮಷೀನಿನ ಪ್ಲಗ್ಗು ಕೀಳುತ್ತಾನೆ, ಬಣ್ಣಗಳು ಅವರವರಿಗೆ ಮರಳುತ್ತವೆ, ಹಾಡು ಶುರುವಾಗುತ್ತದೆ. ಹಾಡು ಮುಗಿಯುವ ಮೊದಲೇ ಫೋನಿನ ತುಂಬ ಮಗಳ ಮುಖ ಬಂತು.

"ಅಪ್ಪಾ, ನೀನೂ ಹಂಗ ಬದ್ಲಿ ಮಾಡ್ಕೋ. ಒಂದ ದಿನಾ ಸಾಕು."

ಆಗಲಿ ಎಂದರು ಅವರು.

ನಮ್ಮ ಯಾರ್ಡಿನ ಫೈರ್ ವಾಚ್ ನಡುವಯಸ್ಸಿನ ನೇಪಾಳಿ, ಇವರ ಚಹಾದ ಜೊತೆಗಾರ. ಬೇಸಿಗೆಯಲ್ಲಿ ನಡು ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸಬೇಕು ಎಂಬುದು ಇಲ್ಲಿಯ ಕಾನೂನು. ಆ ಹೊತ್ತಿನಲ್ಲಿ ಎಲ್ಲರೂ ಏಸಿ ಹಾಕಿದ ದೊಡ್ಡ ಕ್ಯಾಬಿನ್ನಿನಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಿದ್ದರು. ಪಕ್ಕದಲ್ಲೇ ಪೇಂಟ್ ಶೆಡ್ಡು. ಅಂಥ ಒಂದು ಬಿಡುವಿನಲ್ಲಿ ಇಬ್ಬರೂ ಹೆಲ್ಮೆಟ್ ಬದಲಾಯಿಸಿಕೊಂಡರು. ನೇಪಾಳಿ ವಿಡಿಯೋ ತೆಗೆದ. ಅದನ್ನು ಆಮೇಲೆ ನಾನು ಎಷ್ಟೋ ಸಲ ನೋಡಿದ್ದೇನೆ... ಕೆಂಪು ಹೆಲ್ಮೆಟ್ಟಿನ ದಪ್ಪ ಮನುಷ್ಯ, ಕ್ರೇನಿನವನಿಗೆ ಮಾಡುವ ಸನ್ನೆಗಳನ್ನೇ ವೀರರ ಭಂಗಿ ಎಂದು ಒಂದೊಂದಾಗಿ ಮಾಡಿ ತೋರಿಸುತ್ತಾರೆ, ಕೊನೆಗೆ ತಮಗೇ ನಗು ತಡೆಯಲಾರದೆ ಬಗ್ಗುತ್ತಾರೆ. ವಿಡಿಯೋ ಊರಿಗೆ ಹೋಯಿತು. ನೇಪಾಳಿ ತೂಕಡಿಸುತ್ತಿದ್ದ. ಸ್ವಲ್ಪ ಹೊತ್ತು ಮಲಗು, ಅಲ್ಲಿಯವರೆಗೆ ನಾನೇ ಕಾಯುತ್ತೇನೆ ಎಂದು ಅವನನ್ನು ಕ್ಯಾಬಿನ್ನಿನೊಳಗೆ ಕಳಿಸಿ ಇವರು ಹೊರಗೆ ನಿಂತರು, ಕೆಂಪಿನಲ್ಲೇ.

ಶೆಡ್ಡಿನ ಥಿನ್ನರ್ ಡ್ರಮ್ಮಿಗೆ ಬೆಂಕಿ ಹೇಗೆ ತಗುಲಿತೋ ನನಗೆ ಇವತ್ತಿಗೂ ತಿಳಿಯದು. ಸೈರನ್ ಕೂಗಿದಾಗ ನಾನು ಸ್ಟೋರಿನಿಂದ ಓಡಿ, ಎಲ್ಲರೂ ಸೇರಬೇಕಾದ ಬಯಲಿಗೆ ಬಂದೆ. ಕ್ಯಾಬಿನ್ನಿನ ಬಾಗಿಲಲ್ಲಿ ಕೆಂಪು ಹೆಲ್ಮೆಟ್ಟು ಕಾಣುತ್ತಿತ್ತು. ನಮ್ಮ ಮೇಲಿನ ಮಂಚದವರೇ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗುತ್ತ ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಹೊರಗೆ ದಬ್ಬುತ್ತಿದ್ದರು. ಕೂಗಿದ್ದು ಕೆಂಪಿನವನು ಎಂದೇ ಎಲ್ಲರೂ ಒಂದೇ ಮಾತಿಗೆ ಎದ್ದು ಓಡಿದರು. ಹೊಗೆ ಒಳಗೂ ಇಳಿಯುತ್ತಿತ್ತು, ಯಾರು ಬಂದರು ಯಾರು ಇಲ್ಲ ಎಂದು ನೋಡುವ ಹಾಗಿರಲಿಲ್ಲ. ಆಮೇಲೆ ಅವರೂ ಬಯಲಿಗೆ ಬಂದರು. ಬಂದವರು ಜನರ ನಡುವೆ ನುಗ್ಗಿ ಒಬ್ಬೊಬ್ಬನನ್ನೇ ಹಿಡಿದು ತಿರುಗಿಸಿ ನೋಡತೊಡಗಿದರು. ಎಲ್ಲರದೂ ಹಳದಿ, ಹೊಗೆಗೆ ಹೆದರಿ ಎಲ್ಲರ ಮೂತಿಗೂ ಬಟ್ಟೆ. ಬೇರೆ ದಿನವಾಗಿದ್ದರೆ ನೇಪಾಳಿ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತಿದ್ದ. ಅವತ್ತು ಅಷ್ಟೊಂದು ಹಳದಿಯ ನಡುವೆ ಇನ್ನೊಂದು ಹಳದಿಯನ್ನು ಹುಡುಕುವುದಾದರೂ ಹೇಗೆ? ನನ್ನ ತೋಳು ಹಿಡಿದರು.

"ಅವ ಒಳಗ ಮಲಗ್ಯಾನ್ರೀ. ನಾನೇ ಮಲಗಿಸಿ ಬಂದೀನಿ."

ಅಷ್ಟು ಹೇಳಿ ತಿರುಗಿ ನಡೆದರು. ನಡೆದರೋ ಓಡಿದರೋ... ಯಾರೂ ತಡೆಯಲಿಲ್ಲ. ಕೆಂಪು ಹೆಲ್ಮೆಟ್ಟು ಬೆಂಕಿಯ ಕಡೆಗೆ ಹೋಗುವುದು ಎಲ್ಲರ ಕಣ್ಣಿಗೂ ಸರಿಯಾಗಿಯೇ ಕಂಡಿತು. ಎಡಕ್ಕೂ ಬಲಕ್ಕೂ ಸರಿದು ದಾರಿ ಬಿಟ್ಟೆವು.

ಒಳಗೆ ಯಾರೂ ಇರಲಿಲ್ಲ. ನೇಪಾಳಿ ಸೈರನ್ನಿಗೆ ಮೊದಲೇ ಬಾಯಾರಿ ಎದ್ದು, ಹಿಂದಿನ ಬಾಗಿಲಿನಿಂದ ನೀರಿನ ಟ್ಯಾಂಕಿನ ಕಡೆ ಹೋಗಿದ್ದ. ಆಮೇಲೆ ಅದೇ ಬಯಲಿನ ಇನ್ನೊಂದು ತುದಿಗೆ ಬಂದು ನಿಂತಿದ್ದ. ಕೆಲವು ದಿನ ಕಳೆದು ನನ್ನ ಮಂಚದಲ್ಲಿ ಕೂತು ಅವನು ಹಿಂದಿಯಲ್ಲಿ ಹೇಳಿದ್ದನ್ನು ಮರೆಯಲು ನನ್ನಿಂದ ಆಗಿಲ್ಲ. ಕೆಂಪು ಹೆಲ್ಮೆಟ್ಟು ಒಳಗೆ ಹೋದದ್ದನ್ನು ಅವನೂ ನೋಡಿದ್ದ. ಫೈರ್ ವಾಚ್ ಹೋದ, ಇನ್ನು ಭಯವಿಲ್ಲ ಎಂದುಕೊಂಡನಂತೆ. ಆ ಫೈರ್ ವಾಚ್ ತಾನೇ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾಗಿ ಚೀರುತ್ತ ಓಡಿ ಬರುವಷ್ಟರಲ್ಲಿ ಕ್ಯಾಬಿನ್ನಿನ ಮಾಡು ಕುಸಿದಿತ್ತು. ಅವನು ಮುಂದಿನ ತಿಂಗಳೇ ಊರಿಗೆ ಹೋದ, ಮತ್ತೆ ಗಲ್ಫಿನ ಕಡೆ ಬರಲಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆ ಸಂಜೆ ಊರಿನಲ್ಲಿ ಶಾಲೆ ಬಿಟ್ಟಮೇಲೆ ಮಗಳು ವಿಡಿಯೋ ನೋಡಿದ್ದಾಳೆ. ತಾಯಿಯ ಫೋನು ಹಿಡಿದುಕೊಂಡು ಓಣಿಯ ಮನೆಮನೆಗೆ ಹೋಗಿ ತೋರಿಸಿ ಬಂದಿದ್ದಾಳೆ. ನಾವು ಆಗ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ರೂಮಿನಲ್ಲಿ ಕನ್ನಡದವನು ನಾನೊಬ್ಬನೇ, ಹಾಗಾಗಿ ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಂತು. ಫೋನು ಎತ್ತಿದ್ದು ಅವಳೇ. ಅಪ್ಪ ಕೆಂಪು ಹಾಕಿದ್ದನ್ನು ನೋಡಿದಿರಾ ಎಂದು ಕೇಳಿದಳು. ನೋಡಿದೆ ಎಂದೆ. ಅಮ್ಮನಿಗೆ ಕೊಡು ಎಂದೆ. ಒಬ್ಬನನ್ನು ಕರೆತರಲು ಒಳಗೆ ಹೋದರು ಎಂದಷ್ಟೇ ಅವರಿಗೆ ಹೇಳಿದೆ. ಒಳಗೆ ಯಾರೂ ಇರಲಿಲ್ಲ ಎಂದು ಹೇಳಿ ಯಾರಿಗೆ ಏನು ಸುಖ.

ಈಗ ಅವಳು ಒಂಬತ್ತನೆಯ ಇಯತ್ತೆ. ಹಬ್ಬಹುಣ್ಣಿಮೆಗೆ ನೆನಪಿಟ್ಟು ಫೋನು ಮಾಡುತ್ತಾಳೆ. ಕಳೆದ ಶುಕ್ರವಾರವೂ ಮಾಡಿ ಪರೀಕ್ಷೆಯ ಸುದ್ದಿ, ಅಮ್ಮನ ಮಂಡಿನೋವು ಎಲ್ಲ ಹೇಳಿದಳು. ಆಮೇಲೆ ಇನ್ನೊಂದು ಸುದ್ದಿ ತೆಗೆದಳು. ನಮ್ಮ ಯಾರ್ಡಿನಲ್ಲಿ ವೆಲ್ಡರ್ ಆಗಿದ್ದ ಬಾಗಲಕೋಟೆ ಕಡೆಯವನೊಬ್ಬ ಈಚೆಗೆ ರಜೆಗೆ ಹೋದಾಗ ಅವರ ಮನೆಗೂ ಹೋಗಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಬಂದಿದ್ದನಂತೆ.

"ಅಂಕಲ್, ನಾ ಕೆಂಪು ಹಾಕ್ಕೋ ಅಂದಿದ್ದಕ್ಕ ಅಪ್ಪ ಒಳಗ ಹೋದನೇನ್ರಿ?"

ಇಷ್ಟು ವರ್ಷ ಈ ಹುಡುಗಿ ಫೋನಿನಲ್ಲಿ ನಕ್ಕಾಗಲೆಲ್ಲ ನಾನು ಒಳಗೊಳಗೇ ಹೆದರುತ್ತಿದ್ದದ್ದು ಈ ಮಾತಿಗೇ.

"ಇಲ್ಲ ಮಗಾ. ಹಳದಿ ಹಾಕಿದ್ರೂ ಹೋಗ್ತಿದ್ರು ಅವ್ರು."

"ಖರೇನ್ರಿ?"

ಖರೆ ಎಂದೆ. ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಇನ್ನೂ ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ತಾಯಿ ಕರೆದರು, ಫೋನಿಟ್ಟಳು.

ನಾನು ಹೇಳಿದ್ದು ಸುಳ್ಳಲ್ಲ. ಆ ಮನುಷ್ಯ ಯಾವ ಬಣ್ಣದಲ್ಲಿದ್ದರೂ ಹೋಗುತ್ತಿದ್ದರು. ಆದರೆ ಹಳದಿಯಲ್ಲಿದ್ದಿದ್ದರೆ ನಮ್ಮಲ್ಲಿ ಯಾರಾದರೂ ಕೈ ಹಿಡಿದು ನಿಲ್ಲಿಸುತ್ತಿದ್ದೆವು. ಅದನ್ನು ಅವಳಿಗೆ ಹೇಳಲಿಲ್ಲ.